ಗಾಡಿಯನ್ನು ಯೋಗ್ಯತಾ ತಪಾಸಣೆಗೂ ಹೊಗೆ ಪರೀಕ್ಷೆಗೂ ಅಣಿಗೊಳಿಸುವುದು ಹೇಗೆ?

ರಸ್ತೆಗಿಳಿಯುವ ವಾಹನವು ನಿಗದಿತ ಅವಧಿಗೊಮ್ಮೆ ಎರಡು ವಿಷಯಗಳಲ್ಲಿ ತನ್ನ ಅರ್ಹತೆಯನ್ನು ತೋರಿಸಿಕೊಡಬೇಕಾಗುತ್ತದೆ. ಒಳಗೆ ಕುಳಿತವರಿಗೂ ಹೊರಗೆ ನಡೆದಾಡುವವರಿಗೂ ಅಪಾಯವಾಗದಂತೆ ಅದು ಓಡಬಲ್ಲದೇ, ನಿಲ್ಲಬಲ್ಲದೇ ಎಂಬುದು ಒಂದು. ಅದರ ಸೈಲೆನ್ಸರಿನಿಂದ ಹೊರಬರುವ ಹೊಗೆ ಕಾನೂನಿನ ಮಿತಿಯೊಳಗಿದೆಯೇ ಎಂಬುದು ಇನ್ನೊಂದು. ಕೆಲವು ದೇಶಗಳಲ್ಲಿ ಇವೆರಡೂ ಒಂದೇ ಕೇಂದ್ರದಲ್ಲಿ, ಒಂದೇ ಸರದಿಯಲ್ಲಿ ಮುಗಿಯುತ್ತವೆ. ಕೆಲವೆಡೆ ಬೇರೆ ಬೇರೆ ಕಡೆ, ಬೇರೆ ಬೇರೆ ಅವಧಿಗೆ ನಡೆಯುತ್ತವೆ. ಎಲ್ಲಿಯೇ ನಡೆಯಲಿ, ಅನೇಕ ಮಾಲೀಕರು ಮಾಡುವುದು ಯುದ್ಧಕಾಲದ ಶಸ್ತ್ರಾಭ್ಯಾಸವನ್ನೇ. ಪ್ರಮಾಣಪತ್ರದ ಅವಧಿ ಮುಗಿಯುವ ದಿನ ಗಾಡಿಯನ್ನು ತೊಳೆಸಿ ಕೇಂದ್ರಕ್ಕೆ ಒಯ್ಯುತ್ತಾರೆ. ಉರಿಯದ ಒಂದು ಬಲ್ಬಿನ ಕಾರಣಕ್ಕೋ, ಸರಿಯಾಗಿ ಬಿಸಿಯಾಗದ ಎಂಜಿನ್ನಿನ ಕಾರಣಕ್ಕೋ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಎರಡು ಮೂರು ವಾರ ಮೊದಲೇ ಕೆಲಸ ಆರಂಭಿಸಿದರೆ, ಮತ್ತು ಯಂತ್ರ ಮುದ್ರಿಸಿಕೊಡುವ ಅಂಕಿಗಳನ್ನು ಓದಲು ಕಲಿತರೆ, ಈ ಓಡಾಟದ ಬಹುಭಾಗವನ್ನು ತಪ್ಪಿಸಬಹುದು.

ಅವಧಿಯ ಲೆಕ್ಕ

ಮೊದಲು ಗೊತ್ತುಮಾಡಿಕೊಳ್ಳಬೇಕಾದುದು ತಪಾಸಣೆಯ ದಿನಾಂಕವನ್ನು. ವಾಹನದ ವಯಸ್ಸು, ಅದರ ಬಳಕೆ ಮತ್ತು ಅದರ ಇಂಧನ, ಈ ಮೂರರ ಮೇಲೆ ಅವಧಿ ನಿರ್ಧಾರವಾಗುತ್ತದೆ. ಯುರೋಪಿಯನ್ ಒಕ್ಕೂಟದ 2014ರ ನಿರ್ದೇಶನದ ಪ್ರಕಾರ ಖಾಸಗಿ ಕಾರಿಗೆ ಮೊದಲ ನೋಂದಣಿಯಾದ ನಾಲ್ಕು ವರ್ಷಗಳೊಳಗೆ ಮೊದಲ ತಪಾಸಣೆ, ಅನಂತರ ಎರಡು ವರ್ಷಕ್ಕೊಮ್ಮೆ ತಪಾಸಣೆ ಆಗಬೇಕು. ಬಸ್ಸು, ಲಾರಿ ಮತ್ತು ಟ್ಯಾಕ್ಸಿಗಳಿಗೆ ಪ್ರತಿ ವರ್ಷವೂ ಆಗಬೇಕು. ಇದು ಕನಿಷ್ಠ ನಿಯಮ ಮಾತ್ರವಾದ್ದರಿಂದ ಸದಸ್ಯ ರಾಷ್ಟ್ರಗಳು ಇದಕ್ಕಿಂತ ಬಿಗಿಯಾದ ನಿಯಮವನ್ನು ಇಟ್ಟುಕೊಳ್ಳಬಹುದು. ಗ್ರೇಟ್ ಬ್ರಿಟನ್ನಿನಲ್ಲಿ ಕಾರಿಗೆ ಮೂರು ವರ್ಷ ತುಂಬಿದ ಮೇಲೆ ಪ್ರತಿ ವರ್ಷ ಪರೀಕ್ಷೆ ನಡೆಯುತ್ತದೆ. 1960ರಲ್ಲಿ ಅಲ್ಲಿ ಈ ಪದ್ಧತಿ ಆರಂಭವಾದಾಗ ಅದು ಹತ್ತು ವರ್ಷ ಹಳೆಯ ಗಾಡಿಗಳಿಗಷ್ಟೇ ಅನ್ವಯಿಸುತ್ತಿತ್ತು. ಅವಧಿ ಇಳಿಯುತ್ತಾ ಬಂದು 1967ರಲ್ಲಿ ಮೂರು ವರ್ಷಕ್ಕೆ ನಿಂತಿತು. ಜಪಾನಿನಲ್ಲಿ ಹೊಸ ಖಾಸಗಿ ಕಾರಿಗೆ ಮೂರು ವರ್ಷಕ್ಕೆ ಮೊದಲ ತಪಾಸಣೆ, ಆಮೇಲೆ ಎರಡು ವರ್ಷಕ್ಕೊಮ್ಮೆ.

ಭಾರತದಲ್ಲಿ ಲೆಕ್ಕ ಬೇರೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಅಡಿಯಲ್ಲಿ ಬಾಡಿಗೆ ಮತ್ತು ಸರಕು ಸಾಗಣೆಯ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಅರ್ಹತಾ ಪತ್ರವನ್ನು ನವೀಕರಿಸಬೇಕು. ಖಾಸಗಿ ವಾಹನಕ್ಕೆ ಹದಿನೈದು ವರ್ಷ ತುಂಬಿ ನೋಂದಣಿಯನ್ನು ಮುಂದುವರಿಸುವಾಗ ಯೋಗ್ಯತೆಯ ತಪಾಸಣೆ ಬರುತ್ತದೆ. ಹೊಗೆಯ ಪ್ರಮಾಣಪತ್ರವಾದರೋ ವಿದ್ಯುತ್ ವಾಹನಗಳನ್ನು ಬಿಟ್ಟು, ನೋಂದಣಿಯಾಗಿ ಒಂದು ವರ್ಷ ಕಳೆದ ಎಲ್ಲ ವಾಹನಗಳಿಗೂ ಬೇಕು. ಅದು ಭಾರತದ ಹೊಗೆ ಮಾನದಂಡಗಳಾದ ಭಾರತ್ ಸ್ಟೇಜ್ 4 ಮತ್ತು 6ರ ಗಾಡಿಗಳಿಗೆ ಒಂದು ವರ್ಷ, ಅದಕ್ಕಿಂತ ಹಳೆಯ ಗಾಡಿಗಳಿಗೆ ಆರು ತಿಂಗಳು ಊರ್ಜಿತವಾಗಿರುತ್ತದೆ. ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ನಿಯಮವಿಲ್ಲ. ರಾಜ್ಯದಿಂದ ರಾಜ್ಯಕ್ಕೆ, ಕೆಲವೊಮ್ಮೆ ಒಂದೇ ರಾಜ್ಯದ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುತ್ತದೆ.

ಈ ಲೆಕ್ಕದಲ್ಲಿ ಎಡವುವವರು ಹೆಚ್ಚಾಗಿ ಸೆಕೆಂಡ್‌ಹ್ಯಾಂಡ್ ಗಾಡಿ ಕೊಂಡವರು. ಅವಧಿಯನ್ನು ಎಣಿಸುವುದು ಗಾಡಿ ಮೊದಲು ನೋಂದಣಿಯಾದ ದಿನದಿಂದ ಅಥವಾ ಹಿಂದಿನ ಪ್ರಮಾಣಪತ್ರದ ದಿನದಿಂದಲೇ ಹೊರತು ಕೊಂಡ ದಿನದಿಂದಲ್ಲ. ಆದ್ದರಿಂದ ಗಾಡಿ ಕೈಗೆ ಬಂದ ದಿನವೇ ಎರಡೂ ಪ್ರಮಾಣಪತ್ರಗಳ ಕೊನೆಯ ದಿನಾಂಕವನ್ನು ಗುರುತು ಹಾಕಿಕೊಂಡು, ಅದಕ್ಕಿಂತ ಮೂರು ವಾರ ಮೊದಲಿನ ದಿನವನ್ನೇ ನಿಜವಾದ ಗಡುವೆಂದು ಭಾವಿಸುವುದು ಒಳಿತು.

ಮೂರು ವಾರ ಮೊದಲು: ಡ್ಯಾಶ್‌ಬೋರ್ಡಿನ ದೀಪಗಳು

ಇಗ್ನಿಷನ್ ಆನ್ ಮಾಡಿ, ಎಂಜಿನ್ ಚಾಲೂ ಮಾಡದೆ, ಡ್ಯಾಶ್‌ಬೋರ್ಡನ್ನು ನೋಡಬೇಕು. ಎಂಜಿನ್, ಎಬಿಎಸ್, ಏರ್‌ಬ್ಯಾಗ್, ಬ್ರೇಕ್ ಮುಂತಾದ ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಹೊತ್ತಿಕೊಳ್ಳಬೇಕು. ಎಂಜಿನ್ ಚಾಲೂ ಆದ ಮೇಲೆ, ಅಥವಾ ಕೆಲವು ಕ್ಷಣಗಳಲ್ಲಿ, ಅವು ಆರಬೇಕು. ಆರದ ದೀಪವು ದೋಷವನ್ನು ತೋರಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೊತ್ತಿಕೊಳ್ಳಲೇಬೇಕಾದ ದೀಪ ಹೊತ್ತದೇ ಇರುವುದು ಅದಕ್ಕಿಂತ ಕೆಟ್ಟ ಲಕ್ಷಣ: ಬಲ್ಬು ಹೋಗಿರಬಹುದು, ಇಲ್ಲವೇ ಹಿಂದಿನ ಮಾಲೀಕರು ದೋಷವನ್ನು ಮುಚ್ಚಿಡಲು ದೀಪವನ್ನೇ ತೆಗೆಸಿರಬಹುದು. ತಪಾಸಕರು ಈ ಎರಡನ್ನೂ ನೋಡುತ್ತಾರೆ.

ಎಂಜಿನ್ ದೀಪ ಹೊತ್ತಿದ್ದರೆ, ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ದೋಷದ ಕೋಡನ್ನು ಓದಿಸಿ, ಕಾರಣವನ್ನು ಸರಿಪಡಿಸಿದ ಮೇಲಷ್ಟೇ ಕೋಡನ್ನು ಅಳಿಸಬೇಕು. ಪರೀಕ್ಷೆಯ ಹಿಂದಿನ ಸಂಜೆ ಕೋಡನ್ನು ಅಳಿಸಿ ದೀಪವನ್ನು ಆರಿಸಿಬಿಡುವುದು ಲೆಕ್ಕಪರಿಶೋಧಕರು ಬರುವ ಮುನ್ನ ಖಾತೆಪುಸ್ತಕವನ್ನು ಸುಟ್ಟುಹಾಕಿದ ಹಾಗೆ; ಪುಸ್ತಕ ಇಲ್ಲ ಎನ್ನುವುದೇ ಅವರ ಕಣ್ಣಿಗೆ ಬೀಳುತ್ತದೆ. ವಾಹನದ ಕಂಪ್ಯೂಟರು ಆಮ್ಲಜನಕ ಸೆನ್ಸರ್, ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್, ಪೆಟ್ರೋಲ್ ಆವಿಯ ವ್ಯವಸ್ಥೆ ಮೊದಲಾದವುಗಳನ್ನು ಓಡಾಟದ ನಡುವೆ ತಾನೇ ಪರೀಕ್ಷಿಸಿಕೊಂಡು, ಒಂದೊಂದರ ಮುಂದೆ ‘ಸಿದ್ಧ’ ಎಂದು ಗುರುತು ಹಾಕಿಕೊಳ್ಳುತ್ತದೆ. ಕೋಡನ್ನು ಅಳಿಸಿದಾಗ, ಹಲವು ಗಾಡಿಗಳಲ್ಲಿ ಬ್ಯಾಟರಿಯ ತಂತಿಯನ್ನು ಬಿಚ್ಚಿದಾಗಲೂ, ಈ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಅಮೆರಿಕದಲ್ಲಿ 1996ರ ಮಾದರಿಯಿಂದ ಕಡ್ಡಾಯವಾದ ಈ ಸ್ವಯಂತಪಾಸಣಾ ವ್ಯವಸ್ಥೆಯನ್ನು ಅಲ್ಲಿನ ಹಲವು ರಾಜ್ಯಗಳ ಪರೀಕ್ಷಾ ಕೇಂದ್ರಗಳು ಕೇಬಲ್ ಜೋಡಿಸಿ ನೇರವಾಗಿ ಓದುತ್ತವೆ, ಮತ್ತು ‘ಸಿದ್ಧ’ವಾಗದ ಅಂಶಗಳು ಮಿತಿಗಿಂತ ಹೆಚ್ಚಿದ್ದರೆ ಗಾಡಿಯನ್ನು ಹಿಂದಕ್ಕೆ ಕಳಿಸುತ್ತವೆ. ಗುರುತುಗಳು ಮರಳಿ ಬರಬೇಕಾದರೆ ತಣ್ಣನೆಯ ಎಂಜಿನ್ನಿನಿಂದ ಹೊರಟು, ಊರೊಳಗೂ ಹೆದ್ದಾರಿಯಲ್ಲೂ ಸಮವೇಗದಲ್ಲಿ ಕೆಲವು ದಿನ ಓಡಿಸಬೇಕು. ಮೂರು ವಾರದ ಅವಕಾಶ ಬೇಕೆನ್ನುವುದಕ್ಕೆ ಇದೇ ಮುಖ್ಯ ಕಾರಣ. ಬ್ಯಾಟರಿಯನ್ನು ಬದಲಿಸುವುದಿದ್ದರೂ ಈ ಹಂತದಲ್ಲೇ ಬದಲಿಸಿಬಿಡಬೇಕು.

ಗಾಡಿಯ ಸುತ್ತ ಒಂದು ಸುತ್ತು

ಇನ್ನೊಬ್ಬರನ್ನು ಹಿಂದೆ ನಿಲ್ಲಿಸಿಕೊಂಡು ಎಲ್ಲ ದೀಪಗಳನ್ನೂ ಒಂದೊಂದಾಗಿ ಹಾಕಿ ನೋಡಬೇಕು. ಬ್ರೇಕ್ ಲೈಟು, ರಿವರ್ಸ್ ಲೈಟು, ನಾಲ್ಕೂ ಇಂಡಿಕೇಟರುಗಳು ಮತ್ತು ನಂಬರ್ ಪ್ಲೇಟಿನ ಮೇಲಿನ ಪುಟ್ಟ ದೀಪ ಇವುಗಳಲ್ಲಿ ಸೇರುತ್ತವೆ. ಕೊನೆಯದನ್ನು ಯಾರೂ ನೋಡುವುದಿಲ್ಲ. ತಪಾಸಕರು ತಪ್ಪದೆ ನೋಡುತ್ತಾರೆ. ಹಾರ್ನ್, ವೈಪರ್, ಗಾಜಿಗೆ ನೀರು ಚಿಮ್ಮಿಸುವ ನಳಿಕೆ ಕೆಲಸ ಮಾಡಬೇಕು. ಪ್ರತಿ ಸೀಟ್ ಬೆಲ್ಟನ್ನೂ ಪೂರ್ತಿ ಎಳೆದು, ಅಂಚು ಸವೆದು ನೂಲು ಬಿಟ್ಟಿದೆಯೇ ನೋಡಿ, ಜೋರಾಗಿ ಜಗ್ಗಿದಾಗ ಹಿಡಿದುಕೊಳ್ಳುತ್ತದೆಯೇ ಎಂದು ಪರೀಕ್ಷಿಸಬೇಕು. ನಂಬರ್ ಪ್ಲೇಟು ಆ ದೇಶದ ನಮೂನೆಯಲ್ಲೇ ಇರಬೇಕು. ಹದಿನೇಳು ಅಕ್ಷರಾಂಕಗಳ ಚಾಸಿ ಸಂಖ್ಯೆಯನ್ನು ಮಣ್ಣು, ಗ್ರೀಸು ಒರೆಸಿ ಓದುವಂತೆ ಮಾಡಿ, ನೋಂದಣಿ ಪುಸ್ತಕದೊಂದಿಗೆ ತಾಳೆ ನೋಡಬೇಕು.

ಮುಂಗಾಜಿನ ಬಿರುಕಿನ ವಿಷಯದಲ್ಲಿ ಜಾಗ ಮುಖ್ಯ, ಗಾತ್ರ ಅನಂತರದ್ದು. ಬ್ರಿಟನ್ನಿನ ನಿಯಮದಲ್ಲಿ ಸ್ಟೀರಿಂಗಿನ ನೇರಕ್ಕೆ, 290 ಮಿ.ಮೀ. ಅಗಲದ ಪಟ್ಟಿಯೊಳಗೆ 10 ಮಿ.ಮೀ.ಗಿಂತ ದೊಡ್ಡ ಹಾನಿ ಇರುವಂತಿಲ್ಲ. ವೈಪರ್ ಒರೆಸುವ ಉಳಿದ ಭಾಗದಲ್ಲಿ 40 ಮಿ.ಮೀ.ವರೆಗೆ ಸಹಿಸಲಾಗುತ್ತದೆ. ಬೇರೆ ದೇಶಗಳಲ್ಲಿ ಅಳತೆ ಬೇರೆ ಇರಬಹುದು, ಚಾಲಕರ ಕಣ್ಣಿನ ಎದುರಿನ ಜಾಗಕ್ಕೆ ಹೆಚ್ಚು ಬಿಗಿ ಎಂಬ ತತ್ತ್ವ ಒಂದೇ. ಅದೇ ಜಾಗದಲ್ಲಿ ತೂಗುಹಾಕಿದ ಅಲಂಕಾರಗಳನ್ನೂ ಅಂಟಿಸಿದ ಸ್ಟಿಕರುಗಳನ್ನೂ ಮೊದಲೇ ತೆಗೆದಿಡಬೇಕು.

ಹೆಡ್‌ಲೈಟ್ ಉರಿದರೆ ಸಾಲದು, ಅದರ ಬೆಳಕು ಬೀಳುವ ಎತ್ತರವನ್ನು ಕೇಂದ್ರದಲ್ಲಿ ಉಪಕರಣದಿಂದ ಅಳೆಯುತ್ತಾರೆ. ಡಿಮ್ ಬೆಳಕಿನ ಇಳಿಜಾರನ್ನು ಶೇಕಡಾವಾರಿನಲ್ಲಿ ಹೇಳುವುದು ರೂಢಿ: ಶೇ 1 ಎಂದರೆ ಹತ್ತು ಮೀಟರ್ ದೂರದಲ್ಲಿ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿರಬೇಕು ಎಂದರ್ಥ. ಮನೆಯಲ್ಲಿ ಅಂದಾಜು ನೋಡುವುದಕ್ಕೆ ಸಮತಟ್ಟಾದ ನೆಲ, ಹತ್ತು ಮೀಟರ್ ದೂರದಲ್ಲೊಂದು ಗೋಡೆ, ಸರಿಯಾದ ಗಾಳಿ ತುಂಬಿದ ಟೈರು ಇದ್ದರೆ ಸಾಕು. ಎರಡೂ ದೀಪಗಳ ಮೇಲಂಚು ಒಂದೇ ಮಟ್ಟದಲ್ಲಿ ಕಾಣಬೇಕು. ಗಾಡಿಯೊಳಗೆ ದೀಪದ ಎತ್ತರವನ್ನು ಹೊಂದಿಸುವ ಗುಂಡಿಯಿದ್ದರೆ ಅದು ಸೊನ್ನೆಯಲ್ಲಿರಬೇಕು. ಹ್ಯಾಲೋಜನ್ ಬಲ್ಬಿಗಾಗಿ ರೂಪಿಸಿದ ದೀಪದೊಳಗೆ ಎಲ್‌ಇಡಿ ಬಲ್ಬನ್ನು ತುರುಕಿದರೆ ಬೆಳಕಿನ ಅಂಚು ಕದಡಿಹೋಗುತ್ತದೆ, ಎದುರಿನವರ ಕಣ್ಣು ಕುಕ್ಕುತ್ತದೆ. ಅನೇಕ ದೇಶಗಳಲ್ಲಿ ಅದಷ್ಟೇ ಕಾರಣಕ್ಕೆ ಗಾಡಿ ಅನುತ್ತೀರ್ಣವಾಗುತ್ತದೆ.

ಟೈರಿನ ಎಳೆಯ ಆಳಕ್ಕೆ ಹಲವು ದೇಶಗಳು ಒಪ್ಪಿಕೊಂಡಿರುವ ಕನಿಷ್ಠ ಮಿತಿ 1.6 ಮಿ.ಮೀ. ಎಳೆಗಳ ನಡುವಿನ ಕಾಲುವೆಯಲ್ಲಿ ಅಲ್ಲಲ್ಲಿ ಚಿಕ್ಕ ದಿಬ್ಬಗಳಿರುತ್ತವೆ. ಟೈರು ಸವೆದು ಆ ದಿಬ್ಬಗಳ ಮಟ್ಟಕ್ಕೆ ಬಂದರೆ ಮಿತಿ ಮುಟ್ಟಿತೆಂದು ತಿಳಿಯಬೇಕು. ಒಳಅಂಚು ಮಾತ್ರ ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ತಪ್ಪಿದೆ, ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿದೆ. ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದರೆ ಮುಂದಿನ ಟೈರಿನ ಒಳಅಂಚು ಕಾಣುತ್ತದೆ. ಪಕ್ಕದ ಗೋಡೆಯಲ್ಲಿ ಉಬ್ಬಿದ ಗುಳ್ಳೆಯಿದ್ದರೆ ಒಳಗಿನ ದಾರ ತುಂಡಾಗಿದೆ ಎಂದರ್ಥ, ಎಳೆ ಎಷ್ಟೇ ಆಳವಿದ್ದರೂ ಆ ಟೈರನ್ನು ತೆಗೆಯಲೇಬೇಕು. ಒಂದೇ ಆಕ್ಸಲಿನ, ಅಂದರೆ ಎಡಬಲದ ಚಕ್ರಗಳನ್ನು ಹೊರುವ ಅಚ್ಚಿನ, ಎರಡು ಟೈರುಗಳು ಒಂದೇ ಅಳತೆಯವಾಗಿರಬೇಕು.

ಬ್ರೇಕ್: ಕೇಂದ್ರದಲ್ಲಿ ನಡೆಯುವುದು ಏನು?

ಗಾಡಿ ನಿಲ್ಲುತ್ತದೆಯಲ್ಲ, ಮತ್ತೇನು ಎಂದು ಮಾಲೀಕರು ಭಾವಿಸುವ ವಿಭಾಗ ಇದು. ರಸ್ತೆಯಲ್ಲಿ ನಾಲ್ಕು ಚಕ್ರಗಳ ಒಟ್ಟು ಫಲವಷ್ಟೇ ಚಾಲಕರಿಗೆ ತಿಳಿಯುತ್ತದೆ; ಒಂದು ಚಕ್ರ ಸೋತರೆ ಉಳಿದ ಮೂರು ಆ ಕೊರತೆಯನ್ನು ಮುಚ್ಚಿಬಿಡುತ್ತವೆ. ಕೇಂದ್ರದ ರೋಲರ್ ಯಂತ್ರ ಹಾಗೆ ಮುಚ್ಚಿಡಲು ಬಿಡುವುದಿಲ್ಲ. ಒಂದು ಆಕ್ಸಲಿನ ಎರಡು ಚಕ್ರಗಳನ್ನು ಎರಡು ಜೋಡಿ ಉರುಳೆಗಳ ಮೇಲೆ ನಿಲ್ಲಿಸಿ, ಮೋಟಾರು ಆ ಉರುಳೆಗಳನ್ನು ನಿಧಾನವಾಗಿ ತಿರುಗಿಸುತ್ತದೆ. ಬ್ರೇಕನ್ನು ಮೆಲ್ಲಗೆ ಒತ್ತುತ್ತಾ ಹೋದಂತೆ ಪ್ರತಿ ಚಕ್ರ ಎಷ್ಟು ಬಲದಿಂದ ತಡೆಯುತ್ತದೆ ಎಂಬುದು ಬೇರೆ ಬೇರೆಯಾಗಿ ದಾಖಲಾಗುತ್ತದೆ.

ಇದರಿಂದ ಎರಡು ಅಂಕಿಗಳು ಹೊರಬರುತ್ತವೆ. ಎಲ್ಲ ಚಕ್ರಗಳ ಬ್ರೇಕ್ ಬಲದ ಮೊತ್ತವನ್ನು ಗಾಡಿಯ ತೂಕಕ್ಕೆ ಹೋಲಿಸಿದ ಶೇಕಡಾವಾರು ಮೊದಲನೆಯದು. ಯುರೋಪಿಯನ್ ಒಕ್ಕೂಟದಲ್ಲಿ ಹೊಸ ತಲೆಮಾರಿನ ಕಾರುಗಳಿಗೆ ಇದು ಕನಿಷ್ಠ ಶೇ 58, ಹ್ಯಾಂಡ್‌ಬ್ರೇಕಿಗೆ ಶೇ 16. ಎರಡನೆಯದು ಎಡಬಲದ ಅಸಮತೋಲನ. ಒಂದೇ ಆಕ್ಸಲಿನಲ್ಲಿ ಒಂದು ಚಕ್ರದ ಬಲವು ಇನ್ನೊಂದರ ಬಲದ ಶೇ 70ಕ್ಕಿಂತ ಕಡಿಮೆಯಿದ್ದರೆ ಅದು ಅಲ್ಲಿ ದೊಡ್ಡ ದೋಷವಾಗುತ್ತದೆ. ಒಟ್ಟು ಬಲ ಧಾರಾಳವಾಗಿದ್ದೂ ಅಸಮತೋಲನದಿಂದ ಸೋಲುವುದು ಸಾಮಾನ್ಯ, ಮತ್ತು ನನ್ನ ದೃಷ್ಟಿಯಲ್ಲಿ ಅದು ನ್ಯಾಯವೇ. ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆದುಕೊಂಡು ಹೋಗುವುದು ಈ ವ್ಯತ್ಯಾಸದಿಂದಲೇ.

ಅಸಮತೋಲನಕ್ಕೆ ಕಾರಣಗಳು ಹೆಚ್ಚಿಲ್ಲ. ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಕ್ಯಾಲಿಪರ್ ಒಳಗಿನ ಪಿಸ್ಟನ್ ತುಕ್ಕು ಹಿಡಿದು ಬಿಗಿದುಕೊಂಡಿರುತ್ತದೆ, ಅಥವಾ ಕ್ಯಾಲಿಪರ್ ಜಾರಬೇಕಾದ ಪಿನ್ನುಗಳಲ್ಲಿ ಗ್ರೀಸು ಒಣಗಿರುತ್ತದೆ. ಡ್ರಮ್ ಬ್ರೇಕಿನಲ್ಲಾದರೆ ವೀಲ್ ಸಿಲಿಂಡರ್ ಸೋರಿ ಲೈನರಿಗೆ ಎಣ್ಣೆ ತಗುಲಿರುತ್ತದೆ. ಇದನ್ನು ಮೊದಲೇ ಪತ್ತೆಹಚ್ಚಲು ಸುಲಭದ ಉಪಾಯವೊಂದಿದೆ. ಇಪ್ಪತ್ತು ನಿಮಿಷ ಸಾಮಾನ್ಯವಾಗಿ ಓಡಿಸಿ, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಪ್ರತಿ ಚಕ್ರದ ರಿಮ್ಮಿನ ಹತ್ತಿರ ಅಂಗೈ ಒಡ್ಡಬೇಕು. ಮುಟ್ಟಬಾರದು, ಸುಡುತ್ತದೆ. ಮುಂದಿನ ಎರಡು ಚಕ್ರಗಳು ಹಿಂದಿನವಕ್ಕಿಂತ ಬಿಸಿಯಿರುವುದು ಸಹಜ. ಎಡಕ್ಕೂ ಬಲಕ್ಕೂ ಎದ್ದುಕಾಣುವ ವ್ಯತ್ಯಾಸವಿದ್ದರೆ ಮಾತ್ರ ತೊಂದರೆ. ಹೆಚ್ಚು ಬಿಸಿಯಾದ ಚಕ್ರದಲ್ಲಿ ಬ್ರೇಕ್ ಬಿಡದೆ ಕಚ್ಚಿಕೊಂಡಿದೆ, ಇಲ್ಲವೇ ತಣ್ಣಗಿರುವ ಚಕ್ರದಲ್ಲಿ ಬ್ರೇಕ್ ಹಿಡಿಯುತ್ತಲೇ ಇಲ್ಲ.

ಪೆಡಲನ್ನು ಒಂದೇ ಸಮನೆ ಒತ್ತಿ ಹಿಡಿದಿದ್ದರೂ ರೋಲರಿನ ಮೇಲೆ ಬಲದ ಅಂಕಿ ಏರಿಳಿಯುತ್ತಿದ್ದರೆ ಡಿಸ್ಕ್ ಡೊಂಕಾಗಿದೆ, ಅಥವಾ ಡ್ರಮ್ ದುಂಡಗೆ ಉಳಿದಿಲ್ಲ. ರಸ್ತೆಯಲ್ಲಿ ಇದೇ ದೋಷ ಪೆಡಲಿನ ನಡುಕವಾಗಿ ಕಾಲಿಗೆ ತಿಳಿಯುತ್ತದೆ. ಬಹಳ ದಿನ ನಿಂತ ಗಾಡಿಯ ಡಿಸ್ಕಿನ ಮೇಲೆ ತುಕ್ಕಿನ ಪದರ ಕುಳಿತಿರುತ್ತದೆ. ಹಿಂದೆ ಮುಂದೆ ಬೇರೆ ವಾಹನವಿಲ್ಲದ ರಸ್ತೆಯಲ್ಲಿ ಹಲವು ಬಾರಿ ಮಧ್ಯಮ ಬಲದಿಂದ ಬ್ರೇಕ್ ಒತ್ತಿದರೆ ತೆಳುವಾದ ತುಕ್ಕು ಸವೆದುಹೋಗುತ್ತದೆ. ವಿದ್ಯುತ್ ಕಾರುಗಳಿಗೆ ಈ ಮಾತು ಇನ್ನಷ್ಟು ಅನ್ವಯಿಸುತ್ತದೆ. ಅವುಗಳಲ್ಲಿ ವೇಗ ತಗ್ಗಿಸುವ ಕೆಲಸದ ಬಹುಪಾಲನ್ನು ಮೋಟಾರೇ ಮಾಡುವುದರಿಂದ ಡಿಸ್ಕಿಗೆ ಕೆಲಸ ಕಡಿಮೆ, ತುಕ್ಕು ಹೆಚ್ಚು. ಹೊಗೆ ಪರೀಕ್ಷೆಯಿಂದ ಮುಕ್ತವಾದ ಗಾಡಿ ಬ್ರೇಕಿನಲ್ಲಿ ಸೋಲುವುದು ಆಶ್ಚರ್ಯವೇನಲ್ಲ.

ನಾಲ್ಕೂ ಚಕ್ರಗಳಿಗೆ ಸದಾ ಶಕ್ತಿ ಹರಿಯುವ ಗಾಡಿಯಾದರೆ ಅದನ್ನು ತಪಾಸಕರಿಗೆ ಮೊದಲೇ ತಿಳಿಸಬೇಕು. ಅಂಥ ಹಲವು ಗಾಡಿಗಳ ಒಂದು ಆಕ್ಸಲನ್ನು ಮಾತ್ರ ರೋಲರಿನ ಮೇಲೆ ತಿರುಗಿಸಿದರೆ ಗೇರ್ ವ್ಯವಸ್ಥೆಗೆ ಹಾನಿಯಾಗಬಹುದು. ಅಂಥವುಗಳೊಳಗೆ ಮಾಪಕವೊಂದನ್ನು ಇಟ್ಟು ರಸ್ತೆಯಲ್ಲೇ ಓಡಿಸಿ ಪರೀಕ್ಷಿಸುತ್ತಾರೆ.

ಕೆಳಭಾಗ

ಸ್ಟೀರಿಂಗ್ ಮತ್ತು ಸಸ್ಪೆನ್ಷನ್ನಿನ ಸಡಿಲವನ್ನು ಕೇಂದ್ರದಲ್ಲಿ ಅಲುಗಾಡುವ ತಟ್ಟೆಗಳ ಮೇಲೆ ಚಕ್ರ ನಿಲ್ಲಿಸಿ ನೋಡುತ್ತಾರೆ. ಮಾಲೀಕರು ಮಾಡಬಹುದಾದದ್ದು ಮಿತ. ಉಬ್ಬುತಗ್ಗಿನ ಮೇಲೆ ಟಕ್ ಟಕ್ ಸದ್ದು ಬಂದರೆ ಬಾಲ್ ಜಾಯಿಂಟ್ ಮತ್ತು ಬುಷ್ ನೋಡಿಸಬೇಕು. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಇಳಿದಿದ್ದರೆ ಬದಲಿಸಬೇಕು. ಆಕ್ಸಲಿನ ತುದಿಯ ರಬ್ಬರ್ ಬೂಟು ಹರಿದಿದ್ದರೆ ಗ್ರೀಸು ಹೊರಹೋಗಿ ಧೂಳು ಒಳಸೇರುವ ಮುನ್ನ ಹೊಸದನ್ನು ಹಾಕಿಸಬೇಕು. ತುಕ್ಕಿನ ವಿಷಯದಲ್ಲಿ ಬಾಗಿಲಿನ ಅಂಚಿನ ತುಕ್ಕು ಅಂದಗೇಡು ಮಾತ್ರ. ಸಸ್ಪೆನ್ಷನ್, ಸ್ಟೀರಿಂಗ್, ಸೀಟ್ ಬೆಲ್ಟುಗಳು ಗಾಡಿಯ ಮೈಗೆ ಕೂಡುವ ಜಾಗದ ಆಸುಪಾಸಿನ ತುಕ್ಕು ಗಂಭೀರ ದೋಷ. ಅಲ್ಲಿ ಬಣ್ಣವನ್ನೋ ಟಾರನ್ನೋ ಬಳಿದು ಮುಚ್ಚಿದರೆ ತಪಾಸಕರ ಪುಟ್ಟ ಸುತ್ತಿಗೆ ಅದನ್ನು ಕ್ಷಣದಲ್ಲಿ ಹೇಳಿಬಿಡುತ್ತದೆ. ವೆಲ್ಡಿಂಗ್ ಒಂದೇ ದಾರಿ.

ಹೊಗೆ ಪರೀಕ್ಷೆ: ಪೆಟ್ರೋಲ್

ಸೈಲೆನ್ಸರಿನೊಳಗೆ ಕೊಳವೆ ತೂರಿಸಿ ಅಳೆಯುವ ಯಂತ್ರವು ಸಾಮಾನ್ಯವಾಗಿ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್, ಕಾರ್ಬನ್ ಡೈಆಕ್ಸೈಡ್, ಆಮ್ಲಜನಕ ಎಂಬ ನಾಲ್ಕನ್ನು ಅಳೆದು, ಅವುಗಳಿಂದ ಲ್ಯಾಂಬ್ಡಾ ಎಂಬ ಐದನೆಯ ಅಂಕಿಯನ್ನು ಲೆಕ್ಕಹಾಕುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು. ಅಷ್ಟೇ ಗಾಳಿಯಿದ್ದರೆ ಲ್ಯಾಂಬ್ಡಾ 1. ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾದರೆ ಅದು 1ಕ್ಕಿಂತ ಕೆಳಗಿಳಿಯುತ್ತದೆ, ಗಾಳಿ ಹೆಚ್ಚಾದರೆ ಮೇಲೇರುತ್ತದೆ. ಯುರೋಪಿನಲ್ಲಿ ಆಧುನಿಕ ಕಾರುಗಳಿಗೂ, ಭಾರತದಲ್ಲಿ ಭಾರತ್ ಸ್ಟೇಜ್ 4ರ ನಂತರದ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗಳಿಗೂ ಮಿತಿಗಳು ಹೆಚ್ಚುಕಡಿಮೆ ಒಂದೇ: ಐಡ್ಲಿಂಗಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ, ಕಾರ್ಬನ್ ಮಾನಾಕ್ಸೈಡ್ ಶೇ 0.3, ಎಂಜಿನ್ ವೇಗವನ್ನು ಏರಿಸಿ ಹಿಡಿದಾಗ ಶೇ 0.2, ಲ್ಯಾಂಬ್ಡಾ 0.97ರಿಂದ 1.03ರೊಳಗೆ.

ಇಲ್ಲಿ ಎಂಜಿನ್ನಿನ ಬಿಸಿ ಎಷ್ಟು ಮುಖ್ಯವೆಂದರೆ, ಪೂರ್ತಿ ಆರೋಗ್ಯದ ಗಾಡಿಯೂ ತಣ್ಣಗಿದ್ದರೆ ಸೋಲಬಹುದು. ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ತಲುಪಿದ ಮೇಲಷ್ಟೇ ಕೆಲಸ ಆರಂಭಿಸುತ್ತದೆ. ಮನೆಯ ಪಕ್ಕದಲ್ಲೇ ಕೇಂದ್ರವಿದ್ದರೂ ಸುತ್ತುಬಳಸಿ ಇಪ್ಪತ್ತು ನಿಮಿಷ ಓಡಿಸಿಕೊಂಡೇ ಹೋಗಬೇಕು. ಸರದಿಯಲ್ಲಿ ಬಹಳ ಹೊತ್ತು ನಿಂತಿದ್ದರೆ ಕನ್ವರ್ಟರ್ ತಣಿದಿರುತ್ತದೆ. ಕೊಳವೆ ತೂರಿಸುವ ಮುನ್ನ ಎರಡು ಮೂರು ನಿಮಿಷ ಎಂಜಿನ್ ವೇಗವನ್ನು ನಿಮಿಷಕ್ಕೆ 2500 ಸುತ್ತುಗಳ ಆಸುಪಾಸಿನಲ್ಲಿ ಹಿಡಿದಿಡುವಂತೆ ವಿನಂತಿಸಬಹುದು.

ಅಂಕಿಗಳನ್ನು ಬಿಡಿಬಿಡಿಯಾಗಿ ನೋಡಿದರೆ ಪಾಸು ಫೇಲು ಮಾತ್ರ ತಿಳಿಯುತ್ತದೆ, ಕೂಡಿಸಿ ಓದಿದರೆ ದೋಷದ ಹೆಸರೇ ತಿಳಿಯುತ್ತದೆ. ಕಾರ್ಬನ್ ಮಾನಾಕ್ಸೈಡ್ ಹೆಚ್ಚಾಗಿ ಲ್ಯಾಂಬ್ಡಾ 1ಕ್ಕಿಂತ ಕೆಳಗಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಹೆಚ್ಚಾಗಿ ಹೋಗುತ್ತಿದೆ. ಏರ್ ಫಿಲ್ಟರ್ ಕಟ್ಟಿಕೊಂಡಿದೆಯೇ, ಇಂಜೆಕ್ಟರ್ ಸೋರುತ್ತಿದೆಯೇ, ಆಮ್ಲಜನಕ ಸೆನ್ಸರ್ ಸೋತಿದೆಯೇ ಎಂದು ನೋಡಬೇಕು. ಜೊತೆಗೆ ಎಂಜಿನ್ನನ್ನು ತಣಿಸುವ ದ್ರವವಾದ ಕೂಲಂಟಿನ ಉಷ್ಣತೆ ತಿಳಿಸುವ ಚಿಕ್ಕ ಸೆನ್ಸರನ್ನು ಮರೆಯಬಾರದು, ಏಕೆಂದರೆ ಎಂಜಿನ್ ಇನ್ನೂ ತಣ್ಣಗಿದೆ ಎಂದು ಅದು ತಪ್ಪು ಹೇಳುತ್ತಿದ್ದರೆ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚಿಸುತ್ತಲೇ ಇರುತ್ತದೆ. ಹೈಡ್ರೋಕಾರ್ಬನ್ ಮತ್ತು ಆಮ್ಲಜನಕ ಎರಡೂ ಹೆಚ್ಚಾಗಿ, ಕಾರ್ಬನ್ ಮಾನಾಕ್ಸೈಡ್ ಕಡಿಮೆಯಿದ್ದರೆ ಯಾವುದೋ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ. ಒಳಹೋದ ಪೆಟ್ರೋಲ್, ಗಾಳಿ ಎರಡೂ ಉರಿಯದೆ ಹಾಗೆಯೇ ಹೊರಬರುತ್ತಿವೆ. ಸ್ಪಾರ್ಕ್ ಪ್ಲಗ್ಗನ್ನೂ ಇಗ್ನಿಷನ್ ಕಾಯಿಲನ್ನೂ ನೋಡಿಸಬೇಕು. ಲ್ಯಾಂಬ್ಡಾ ಮಾತ್ರ 1.03 ದಾಟಿ ಉಳಿದವೆಲ್ಲ ಚೆನ್ನಾಗಿದ್ದರೆ, ಎಂಜಿನ್ನಿಗೆ ಕೈಹಾಕುವ ಮೊದಲು ಸೈಲೆನ್ಸರ್ ಕೊಳವೆಯ ಜಾಯಿಂಟುಗಳಲ್ಲಿ ಸೋರಿಕೆಯಿದೆಯೇ ನೋಡಬೇಕು. ಹೊರಗಿನ ಗಾಳಿ ಅಲ್ಲಿಂದ ಒಳಸೇರಿ ಅಂಕಿಯನ್ನು ಕೆಡಿಸುತ್ತದೆ, ಗ್ಯಾಸ್ಕೆಟ್ ಒಂದನ್ನು ಬದಲಿಸಿದರೆ ಕೆಲಸ ಮುಗಿಯುತ್ತದೆ. ಲ್ಯಾಂಬ್ಡಾ ಸರಿಯಾಗಿದ್ದು, ಎಂಜಿನ್ ಚೆನ್ನಾಗಿ ಬಿಸಿಯಾಗಿದ್ದರೂ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಕಾರ್ಬನ್ ಎರಡೂ ಮಿತಿ ಮೀರಿದ್ದರೆ ಆಗ ಕನ್ವರ್ಟರನ್ನು ಅನುಮಾನಿಸಬಹುದು.

ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲೇ ಕನ್ವರ್ಟರ್ ಬದಲಿಸಲು ಹೇಳುವ ಗ್ಯಾರೇಜುಗಳಿವೆ. ಇಡೀ ವ್ಯವಸ್ಥೆಯಲ್ಲಿ ಅದೇ ಅತಿ ದುಬಾರಿಯ ಭಾಗ, ಮತ್ತು ಅದು ತಾನಾಗಿ ಸಾಯುವುದು ಕಡಿಮೆ. ಕಿಡಿ ತಪ್ಪಿ ಉರಿಯದ ಪೆಟ್ರೋಲ್ ಅದರೊಳಗೆ ಉರಿದು ಅತಿಯಾಗಿ ಕಾಯುವುದರಿಂದಲೋ, ಎಂಜಿನ್ ಆಯಿಲ್ ಸುಟ್ಟ ಮಸಿ ಕೂರುವುದರಿಂದಲೋ ಕೆಡುತ್ತದೆ. ಆ ಮೂಲದೋಷವನ್ನು ಬಿಟ್ಟು ಹೊಸ ಕನ್ವರ್ಟರ್ ಹಾಕಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಹೊಗೆ ಪರೀಕ್ಷೆ: ಡೀಸೆಲ್

ಡೀಸೆಲ್ಲಿನಲ್ಲಿ ಅಳೆಯುವುದು ಅನಿಲಗಳನ್ನಲ್ಲ, ಹೊಗೆಯ ದಟ್ಟಣೆಯನ್ನು. ಗೇರ್ ನ್ಯೂಟ್ರಲ್ಲಿನಲ್ಲಿರುವಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಎಂಜಿನ್ನನ್ನು ಅದರ ಗರಿಷ್ಠ ವೇಗಕ್ಕೆ ಏರಿಸಿ, ಹೊರಬಂದ ಹೊಗೆಯ ಮೂಲಕ ಬೆಳಕು ಎಷ್ಟು ಹಾಯುತ್ತದೆ ಎಂದು ನೋಡುತ್ತಾರೆ. ಹಲವು ಬಾರಿ ಒತ್ತಿ ಕೊನೆಯ ಮೂರರ ಸರಾಸರಿ ತೆಗೆಯುವುದು ಪದ್ಧತಿ. ಯುರೋಪಿನಲ್ಲಿ ತಯಾರಕರು ಗಾಡಿಯ ತಗಡಿನ ಮೇಲೆ ನಮೂದಿಸಿದ ಅಂಕಿಯೇ ಮಿತಿ. ಅದು ಇಲ್ಲದಿದ್ದರೆ ಹೊಗೆ ಬೆಳಕನ್ನು ಹೀರುವ ಪ್ರಮಾಣವು ಟರ್ಬೊ ಇಲ್ಲದ ಹಳೆಯ ಎಂಜಿನ್ನಿಗೆ ಮೀಟರಿಗೆ 2.5, ಟರ್ಬೊ ಇದ್ದರೆ 3.0, ಯುರೋಪಿನ ಹೊಗೆ ಮಾನದಂಡಗಳಾದ ಯುರೋ 4 ಮತ್ತು 5ರ ಗಾಡಿಗಳಿಗೆ 1.5, ಯುರೋ 6ಕ್ಕೆ 0.7 ಮೀರಬಾರದು. ಭಾರತದಲ್ಲಿ ಹೊಗೆಯ ದಟ್ಟಣೆಯನ್ನು ಹೇಳುವ ಹಾರ್ಟ್ರಿಜ್ ಮಾನದಲ್ಲಿ ಹಳೆಯ ಗಾಡಿಗಳಿಗೆ 65, ಭಾರತ್ ಸ್ಟೇಜ್ 4ರಿಂದ ಈಚಿನವುಗಳಿಗೆ 50.

ಎಂಜಿನ್ನನ್ನು ಗರಿಷ್ಠ ವೇಗಕ್ಕೆ ಏರಿಸುವ ಈ ಪರೀಕ್ಷೆ ಸವೆದ ಟೈಮಿಂಗ್ ಬೆಲ್ಟಿಗೆ ಮಾರಕವಾಗಬಹುದು. ಬೆಲ್ಟು ತುಂಡಾದರೆ ಎಂಜಿನ್ನೇ ಹೋಗುತ್ತದೆ. ಬದಲಿಸುವ ಕಾಲ ಬಂದಿದ್ದರೆ ಪರೀಕ್ಷೆಗೆ ಮೊದಲೇ ಬದಲಿಸಬೇಕು. ಎಂಜಿನ್ ಆಯಿಲಿನ ಮಟ್ಟವನ್ನೂ ನೋಡಬೇಕು. ಆಯಿಲ್ 80 ಡಿಗ್ರಿಯಷ್ಟು ಬಿಸಿಯಾಗಿರಬೇಕೆಂಬ ನಿಯಮ ಎಂಜಿನ್ನಿನ ರಕ್ಷಣೆಗೂ ಹೌದು, ಅಂಕಿಯ ನ್ಯಾಯಕ್ಕೂ ಹೌದು.

ಊರೊಳಗೆ ಸಣ್ಣ ಸಣ್ಣ ದೂರ ಓಡಿದ ಡೀಸೆಲ್ ಗಾಡಿಯ ಕೊಳವೆಯಲ್ಲೂ ಫಿಲ್ಟರಿನಲ್ಲೂ ಮಸಿ ಕಟ್ಟಿರುತ್ತದೆ. ಪರೀಕ್ಷೆಗೆ ಒಂದು ವಾರ ಮೊದಲು ಹೆದ್ದಾರಿಯಲ್ಲಿ ಅರ್ಧ ಗಂಟೆ ಸಮವೇಗದಲ್ಲಿ ಓಡಿಸಿದರೆ, ಕಣ ಫಿಲ್ಟರು ತನ್ನೊಳಗಿನ ಮಸಿಯನ್ನು ತಾನೇ ಸುಟ್ಟುಕೊಳ್ಳಲು ಅವಕಾಶ ಸಿಗುತ್ತದೆ. ಫಿಲ್ಟರನ್ನು ಕಿತ್ತು ಖಾಲಿ ಡಬ್ಬ ಉಳಿಸುವವರಿದ್ದಾರೆ. ಹೊಗೆಯ ದಟ್ಟಣೆ ಅಳೆಯುವ ಹಳೆಯ ಯಂತ್ರ ಅದನ್ನು ಎಷ್ಟೋ ಬಾರಿ ಹಿಡಿಯದೆ ಬಿಡುತ್ತಿತ್ತು, ಏಕೆಂದರೆ ಸೂಕ್ಷ್ಮ ಕಣಗಳು ಬೆಳಕನ್ನು ಅಷ್ಟಾಗಿ ತಡೆಯುವುದಿಲ್ಲ. ಈಗ ಬೆಲ್ಜಿಯಂ, ನೆದರ್ಲೆಂಡ್ಸ್, ಜರ್ಮನಿಗಳು ಕಣಗಳ ಸಂಖ್ಯೆಯನ್ನೇ ಎಣಿಸುವ ಯಂತ್ರಗಳನ್ನು ತಂದಿವೆ. ಅಲ್ಲಿ ಆ ಉಪಾಯ ನಡೆಯುವುದಿಲ್ಲ.

ಪರೀಕ್ಷೆಯ ದಿನ

ನೋಂದಣಿ ಪುಸ್ತಕ, ವಿಮೆ, ಹಿಂದಿನ ಪ್ರಮಾಣಪತ್ರಗಳನ್ನು ಒಂದೆಡೆ ಇಟ್ಟುಕೊಳ್ಳಬೇಕು. ಡಿಕ್ಕಿಯಲ್ಲೂ ಸೀಟಿನ ಮೇಲೂ ಸಾಮಾನು ಇರಬಾರದು. ತೂಕ ಬದಲಾದರೆ ಹೆಡ್‌ಲೈಟಿನ ಇಳಿಜಾರೂ ಬದಲಾಗುತ್ತದೆ, ಸಾಮಾನಿನಡಿ ಸಿಕ್ಕಿಕೊಂಡ ಸೀಟ್ ಬೆಲ್ಟನ್ನು ತಪಾಸಕರು ನೋಡಲಾಗುವುದಿಲ್ಲ. ಟೈರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗಲೇ ಸರಿಪಡಿಸಬೇಕು. ಇಂಧನ ಮೀಸಲಿನ ಗೆರೆಗಿಂತ ಸಾಕಷ್ಟು ಮೇಲಿರಲಿ. ಎಂಜಿನ್ ಆಯಿಲ್ ಬಹಳ ಹಳೆಯದಾಗಿದ್ದರೆ ಹಿಂದಿನ ವಾರವೇ ಬದಲಿಸಿಬಿಡುವುದು ಲೇಸು, ಏಕೆಂದರೆ ಅದರಲ್ಲಿ ಬೆರೆತ ಪೆಟ್ರೋಲ್ ಬಿಸಿಗೆ ಆವಿಯಾಗಿ ಎಂಜಿನ್ನಿನೊಳಕ್ಕೆ ಮರಳಿ ಹೈಡ್ರೋಕಾರ್ಬನ್ನನ್ನೂ ಕಾರ್ಬನ್ ಮಾನಾಕ್ಸೈಡನ್ನೂ ಹೆಚ್ಚಿಸುತ್ತದೆ.

ವರದಿಯನ್ನು ಓದುವುದು

ಯುರೋಪಿನ ಪದ್ಧತಿಯಲ್ಲಿ ದೋಷಗಳಿಗೆ ಮೂರು ದರ್ಜೆಗಳಿವೆ. ಚಿಕ್ಕ ದೋಷವಿದ್ದರೂ ಗಾಡಿ ತೇರ್ಗಡೆಯಾಗುತ್ತದೆ. ದೊಡ್ಡ ದೋಷವಿದ್ದರೆ ಸೋಲುತ್ತದೆ, ಗರಿಷ್ಠ ಎರಡು ತಿಂಗಳೊಳಗೆ ಸರಿಪಡಿಸಿ ಮರುಪರೀಕ್ಷೆಗೆ ತರಬೇಕಾಗುತ್ತದೆ. ಅಪಾಯಕಾರಿ ದೋಷವಿದ್ದರೆ ಗಾಡಿಯನ್ನು ರಸ್ತೆಗಿಳಿಸದಂತೆ ತಡೆಯಬಹುದು. ಬ್ರಿಟನ್ ಕೂಡ 2018ರ ಮೇ ತಿಂಗಳಿನಿಂದ ಇದೇ ದರ್ಜೆಗಳನ್ನು ಬಳಸುತ್ತಿದೆ. ಸೋತ ಗಾಡಿಯನ್ನು ಗ್ಯಾರೇಜಿಗೆ ಒಯ್ಯುವಾಗ ‘ಫೇಲಾಗಿದೆ, ಸರಿಮಾಡಿ’ ಎಂದಷ್ಟೇ ಹೇಳದೆ ವರದಿಯ ಪ್ರತಿಯನ್ನೇ ಮೆಕ್ಯಾನಿಕ್ಕಿನ ಕೈಗೆ ಕೊಡಬೇಕು, ಮತ್ತು ಯಾವ ಅಂಕಿ ಯಾವ ಕಾರಣಕ್ಕೆ ಮೀರಿದೆ ಎಂದು ಕೇಳಬೇಕು. ಉತ್ತರ ಹೇಳದೆ ಭಾಗಗಳ ಪಟ್ಟಿ ಕೊಡುವವರಿಂದ ದೂರವಿರುವುದು ಕ್ಷೇಮ. ಮರುಪರೀಕ್ಷೆಗೆ ಅದೇ ಕೇಂದ್ರಕ್ಕೆ ಹೋದರೆ ಸೋತ ಅಂಶಗಳನ್ನಷ್ಟೇ ನೋಡುವ ಅನುಕೂಲ ಕೆಲವು ದೇಶಗಳಲ್ಲಿದೆ. ಆ ಗಡುವು ಎಷ್ಟೆಂದು ಹೊರಡುವ ಮೊದಲೇ ಕೇಳಿಕೊಳ್ಳಬೇಕು.

ಗೆದ್ದ ವರದಿಯನ್ನೂ ಎಸೆಯಬಾರದು. ಈ ವರ್ಷ ಕಾರ್ಬನ್ ಮಾನಾಕ್ಸೈಡ್ ಶೇ 0.05 ಇದ್ದದ್ದು ಮುಂದಿನ ಬಾರಿ 0.18ಕ್ಕೆ ಏರಿದರೆ ಗಾಡಿ ಇನ್ನೂ ಪಾಸೇ, ಆದರೆ ಅದರ ಮುಂದಿನ ಬಾರಿ ಏನಾದೀತೆಂಬ ಸುಳಿವು ಅಲ್ಲೇ ಇದೆ. ಹಿಂದಿನ ಚಕ್ರಗಳ ಬ್ರೇಕ್ ಬಲಗಳನ್ನೂ ಹೀಗೆಯೇ ವರ್ಷದಿಂದ ವರ್ಷಕ್ಕೆ ಹೋಲಿಸಬಹುದು. ಗಾಡಿ ಮಾರುವಾಗ ಕೊಳ್ಳುವವರಿಗೆ ತೋರಿಸಲು ಈ ಹಾಳೆಗಳಿಗಿಂತ ಒಳ್ಳೆಯ ದಾಖಲೆ ಇಲ್ಲ.

ಕೇಂದ್ರವನ್ನು ಬಿಡುವ ಮುನ್ನ ಪ್ರಮಾಣಪತ್ರದಲ್ಲಿನ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಇಂಧನದ ಬಗೆ, ಊರ್ಜಿತದ ದಿನಾಂಕ ಮತ್ತು ಮೀಟರಿನ ಕಿಲೋಮೀಟರ್ ಅಂಕಿಯನ್ನು ಅಲ್ಲೇ ನಿಂತು ಓದಬೇಕು. ಮೀಟರಿನ ಅಂಕಿಯನ್ನು ತಿರುಚಿ ಮಾರುವ ವಂಚನೆಯನ್ನು ತಡೆಯಲು ಯುರೋಪಿನಲ್ಲಿ ಪ್ರತಿ ತಪಾಸಣೆಯಲ್ಲೂ ಅದನ್ನು ದಾಖಲಿಸುತ್ತಾರೆ. ಒಂದು ಅಂಕಿ ಹೆಚ್ಚು ಬಿದ್ದರೆ ಮುಂದಿನ ಬಾರಿ ಮೀಟರ್ ಹಿಂದಕ್ಕೆ ತಿರುಗಿಸಿದಂತೆ ಕಾಣುತ್ತದೆ. ತಪ್ಪು ಕಂಡರೆ ತಪಾಸಕರು ಅಲ್ಲಿರುವಾಗಲೇ ತಿದ್ದಿಸಿ, ತಿದ್ದಿದ ಪ್ರತಿಯನ್ನು ಪಡೆದುಕೊಳ್ಳಬೇಕು.